ಕರಿಯನಿಗೂ ಒಂದು ಪಾಠ

ಬಿಜೂರಿನ ಒಂದು ಮನೆ. ಅಂಗಳದ ಮೂಲೆಯಲ್ಲಿ ಒಂದು ತೆಂಗಿನ ಮರ. ಮರಕ್ಕೆ ಒಂದು ನಾಯಿ ಕಟ್ಟಿದೆ. ಅದರ ಹೆಸರು ಕರಿಯ. ಬೆಳಿಗ್ಗೆ ಕಟ್ಟಿದರೆ ಬಿಡುವುದು ರಾತ್ರಿಯೇ.

ಆಶಾ ಅಕ್ಕ ಗೇಟಿನ ಹೊರಗೆ ನಿಂತು ಕೂಗಿದರು.

"ಹ್ವಾಯ್, ನಾಯಿ ಕಟ್ಟಿದ್ರ್ಯಾ?"

"ಕಟ್ಟಿದ್ದೆ, ಬನ್ನಿ ಅಕ್ಕ" ಎಂದರು ಮನೆಯಾಕೆ.

ಆಶಾ ಅಕ್ಕ ಒಳಗೆ ಕಾಲಿಟ್ಟರು. ಕರಿಯ ಹಾರಿ ಹಾರಿ ಬೊಗಳಿತು. ಮನೆಯ ಮಗ ಓಡಿ ಬಂದು ಕೋಲಿನಿಂದ ಒಂದು ಬಾರಿಸಿದ. ಕರಿಯ ಕುಂಯ್ ಎಂದು ಮುದುಡಿತು. ಕೋಲು ಒಳಗೆ ಹೋಯಿತು. ಕರಿಯ ಮತ್ತೆ ಗುರ್ ಎಂದಿತು.

"ಮಗಳಿಗೆ ನಾಳೆ ಎರಡನೇ ಸೂಜಿ. ನೆನಪಿತ್ತಲ್ದಾ?" ಎಂದು ಆಶಾ ಅಕ್ಕ ಕೇಳಿದರು.

ಎರಡು ದಿನದ ಹಿಂದೆ ಕರಿಯ ಗಂಜಿ ತಿನ್ನುತ್ತಿತ್ತು. ಐದು ವರ್ಷದ ಮಗಳು ಆಟಕ್ಕೆ ಅದರ ತಟ್ಟೆ ಎಳೆದಳು. ಕರಿಯ ಅವಳ ಕೈಗೆ ಬಾಯಿ ಹಾಕಿತು. ಹಲ್ಲು ತಾಗಿ ಸ್ವಲ್ಪ ರಕ್ತ ಬಂತು.

ಅಜ್ಜಿ ಅರಸಿನ ಪುಡಿ ತಂದರು. "ಮನೆ ನಾಯಿ ಅಲ್ದಾ? ಎಂತ ಆತಿಲ್ಲೆ" ಎಂದರು. ಆದರೆ ತಾಯಿ ಅರಸಿನ ಹಚ್ಚಲಿಲ್ಲ. ಮಗಳ ಕೈಯನ್ನು ನಳ್ಳಿಯ ನೀರಿಗೆ ಹಿಡಿದರು. ಸೋಪು ಹಾಕಿ ಹದಿನೈದು ನಿಮಿಷ ತೊಳೆದರು. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವರು ಮಾಡಿದ್ದು ಸರಿ.

ಈಗ ತಾಯಿಗೆ ಇನ್ನೊಂದು ಚಿಂತೆ.

"ನಾಯಿಯನ್ನ ಬೈಂದೂರು ಪೇಟೆ ಬದಿ ಬಿಟ್ಟು ಬತ್ತೆ ಅಂತ್ರ್ ನಮ್ಮನಿಯವ್ರ್. ಎಷ್ಟ್ ಹೊಡೆದ್ರೂ ಅದ್ಕೆ ಬುದ್ಧಿ ಬತ್ತಿಲ್ಲೆ."

ಆಶಾ ಅಕ್ಕ ನಕ್ಕರು. "ನೀವ್ ಅಕ್ಷರ ಕಲಿತದ್ದ್ ಹೊಡೆತ ತಿಂದಾ?"

"ಇಲ್ಲೆ. ತಪ್ಪ್ ಬರೆದ್ರೆ ಟೀಚರ್ ಬೈಲಿಲ್ಲೆ. ಸರಿ ಬರೆದ್ರೆ ಲಾಯ್ಕ್ ಆಯ್ತ್ ಅಂದ್ರ್."

"ಹಾಂಗಾರೆ ಕರಿಯನಿಗೂ ಹಾಂಗೆ ಕಲ್ಸಿ ಕಾಣಿ."

ಕರಿಯನಿಗೆ ಯಾರು ಕಲಿಸಿದರು?

ಕರಿಯ ಕೆಟ್ಟ ನಾಯಿಯೇ? ಸ್ವಲ್ಪ ಯೋಚಿಸಿ.

ಮನೆಗೆ ಯಾರಾದರೂ ಬಂದರೆ ಕರಿಯ ಬೊಗಳುತ್ತದೆ. ಆಗ ಅದಕ್ಕೆ ಕೋಲಿನ ಪೆಟ್ಟು ಬೀಳುತ್ತದೆ. ಇದರಿಂದ ಕರಿಯ ಏನು ಕಲಿಯಿತು? "ಹೊರಗಿನವರು ಬಂದರೆ ನನಗೆ ಪೆಟ್ಟು" ಎಂದು ಕಲಿಯಿತು. ಆದ್ದರಿಂದ ಬಂದವರನ್ನು ಕಂಡರೆ ಅದಕ್ಕೆ ಇನ್ನೂ ಸಿಟ್ಟು, ಇನ್ನೂ ಹೆದರಿಕೆ. ದಿನವಿಡೀ ಕಟ್ಟಿ ಹಾಕಿದರೆ ಆ ಸಿಟ್ಟು ಹೆಚ್ಚುತ್ತದೆ.

ಇದು ನಾವೇ ಹೇಳಿಕೊಟ್ಟ ಪಾಠ. ನಮಗೆ ಗೊತ್ತಿಲ್ಲದೆ ಹೇಳಿಕೊಟ್ಟೆವು. ಬೇರೆ ಪಾಠವನ್ನೂ ನಾವೇ ಹೇಳಿಕೊಡಬೇಕು.

ಕಲಿಸುವುದು ಹೇಗೆ?

ಮನೆಯವರೆಲ್ಲರೂ ಒಂದೇ ಮಾತು ಬಳಸಿ. ಒಬ್ಬರು "ಕೂತ್ಕೋ", ಇನ್ನೊಬ್ಬರು "ಕೂರು" ಎಂದರೆ ನಾಯಿಗೆ ತಿಳಿಯುವುದಿಲ್ಲ. "ಬಾ", "ಕೂತ್ಕೋ", "ಬೇಡ". ಮೊದಲಿಗೆ ಈ ಮೂರು ಮಾತು ಸಾಕು.

ಕೈಯಲ್ಲಿ ದೋಸೆಯ ಒಂದು ಚೂರು ಹಿಡಿಯಿರಿ. ನಾಯಿಯ ಮೂಗಿನ ಹತ್ತಿರ ತನ್ನಿ. ನಿಧಾನವಾಗಿ ತಲೆಯ ಮೇಲೆ ಎತ್ತಿ. ನಾಯಿ ತಲೆ ಎತ್ತುತ್ತದೆ, ಹಿಂಭಾಗ ನೆಲಕ್ಕೆ ತಾಗುತ್ತದೆ. ಕೂತ ಕೂಡಲೇ "ಕೂತ್ಕೋ" ಎನ್ನಿ. ಚೂರು ಕೊಡಿ. ಬೆನ್ನು ಸವರಿ. ತಡ ಮಾಡಿ ಕೊಟ್ಟರೆ ಯಾವುದಕ್ಕೆ ಕೊಟ್ಟರು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ಕಲಿಸಿ.

ಮೈಮೇಲೆ ಹಾರುವ ನಾಯಿಗೆ ಬೈಯಬೇಡಿ. ಬೈದರೂ ಅದಕ್ಕೆ ಆಟವೇ. ಬೆನ್ನು ತಿರುಗಿಸಿ ಸುಮ್ಮನೆ ನಿಲ್ಲಿ. ನಾಲ್ಕು ಕಾಲು ನೆಲಕ್ಕೆ ಬಂದ ಮೇಲೆ ಮಾತಾಡಿಸಿ.

ಮರಿ ಒಳಗೆ ಗಲೀಜು ಮಾಡಿದರೆ ಅದರ ಮೂಗನ್ನು ಅದಕ್ಕೆ ತಿಕ್ಕಬೇಡಿ. ಉಂಡ ಮೇಲೆ, ನಿದ್ದೆ ಎದ್ದ ಮೇಲೆ ಮರಿಯನ್ನು ಹೊರಗೆ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಮುಗಿಸಿದರೆ ಹೊಗಳಿ.

ನಾಯಿ ಗುರ್ ಎಂದರೆ ಹೊಡೆಯಬೇಡಿ. "ಹತ್ತಿರ ಬರಬೇಡ" ಎಂದು ಅದು ಹೇಳುವುದು ಹಾಗೆಯೇ. ಹೊಡೆದು ಆ ಮಾತು ನಿಲ್ಲಿಸಿದರೆ, ನಾಳೆ ಹೇಳದೆಯೇ ಕಚ್ಚುತ್ತದೆ.

ಮಕ್ಕಳಿಗೂ ಪಾಠ ಬೇಕು

ಉಣ್ಣುವ ನಾಯಿ, ಮಲಗಿದ ನಾಯಿ, ಮರಿ ಹಾಕಿದ ನಾಯಿ. ಈ ಮೂರನ್ನು ಮಕ್ಕಳು ಮುಟ್ಟಬಾರದು. ಚಿಕ್ಕ ಮಕ್ಕಳನ್ನು ನಾಯಿಯ ಜೊತೆ ಒಂಟಿಯಾಗಿ ಬಿಡಬೇಡಿ. ಎಷ್ಟು ಪಾಪದ ನಾಯಿಯಾದರೂ ಬಿಡಬೇಡಿ.

ನಾಯಿ ಕಚ್ಚಿದರೆ

ರೇಬಿಸ್, ಅಂದರೆ ಹುಚ್ಚುನಾಯಿ ರೋಗ. ಇದರ ಲಕ್ಷಣ ಶುರುವಾದ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಆದರೆ ಮೊದಲೇ ತಡೆಯಬಹುದು. 1885ರಲ್ಲಿ ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ಎಂಬ ವಿಜ್ಞಾನಿ ಇದಕ್ಕೆ ಲಸಿಕೆ ಕೊಟ್ಟರು. ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಹುಡುಗ ಬದುಕಿದ. ಪಾಶ್ಚರ್ ತೀರಿಕೊಂಡದ್ದು 1895ರ ಸೆಪ್ಟೆಂಬರ್ 28ರಂದು. ಆ ದಿನವೇ ಈಗ ವಿಶ್ವ ರೇಬಿಸ್ ದಿನ.

ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಸಿನ, ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ ಹಾಕಬೇಡಿ. ಕೂಡಲೇ ಸರಕಾರಿ ಆಸ್ಪತ್ರೆಗೆ ಹೋಗಿ. ಸಾಕಿದ ನಾಯಿಯಾದರೂ ಹೋಗಿ. ಮರಿ ನಾಯಿಯಾದರೂ ಹೋಗಿ.

ಹಿಂದೆ ಹೊಟ್ಟೆಗೆ 14 ಸೂಜಿ ಚುಚ್ಚುತ್ತಿದ್ದರು. ಆ ಹೆದರಿಕೆಗೆ ಎಷ್ಟೋ ಜನ ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ಈಗ ಆ ಸೂಜಿ ಇಲ್ಲ. ದೊಡ್ಡವರಿಗೆ ತೋಳಿಗೆ ಕೊಡುತ್ತಾರೆ. ಮೊದಲ ಸೂಜಿಯ ನಂತರ 3, 7 ಮತ್ತು 28ನೇ ದಿನ ಮತ್ತೆ ಹೋಗಬೇಕು. ಕೆಲವು ಕಡೆ 14ನೇ ದಿನವೂ ಕೊಡುತ್ತಾರೆ. ನಿಮ್ಮ ಚೀಟಿಯಲ್ಲಿ ದಿನ ಬರೆದಿರುತ್ತದೆ. ಈಗ ಅದನ್ನು ನೀವೇ ಓದಬಹುದು. ಗಾಯ ವಾಸಿಯಾಯಿತೆಂದು ಸೂಜಿ ಬಿಡಬೇಡಿ. ನಿಲ್ಲಿಸುವುದಾದರೆ ಡಾಕ್ಟರೇ ಹೇಳಬೇಕು.

ಬಿಟ್ಟು ಬರಬೇಡಿ

ಕಚ್ಚಿದ ನಾಯಿಯ ಮೇಲೆ 10 ದಿನ ಕಣ್ಣಿಡಬೇಕು. ಅದು ಸತ್ತರೆ, ಅಥವಾ ಅದರ ನಡತೆ ಬದಲಾದರೆ, ಡಾಕ್ಟರಿಗೆ ಹೇಳಬೇಕು. ನಾಯಿಯನ್ನು ಪೇಟೆಯಲ್ಲಿ ಬಿಟ್ಟು ಬಂದರೆ ಇದು ತಿಳಿಯುವುದು ಹೇಗೆ? ಅಲ್ಲಿ ಇನ್ನೊಬ್ಬರ ಮಗುವಿಗೆ ಕಚ್ಚಿದರೆ? ಸಾಕಿದ ಪ್ರಾಣಿಯನ್ನು ಬಿಟ್ಟು ಬರುವುದು ಕಾನೂನಿನಲ್ಲೂ ತಪ್ಪು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಹಾಗೆ ಹೇಳುತ್ತದೆ.

ಮರಿಗೆ ಮೂರು ತಿಂಗಳಾದಾಗ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರೇಬಿಸ್ ಸೂಜಿ ಹಾಕಿಸಿ. ಡಾಕ್ಟರು ಹೇಳಿದಂತೆ ವರ್ಷ ವರ್ಷವೂ ಹಾಕಿಸಿ.

ಕರಿಯ ಈಗ

ಹತ್ತು ದಿನ ಕಳೆಯಿತು. ಕರಿಯನಿಗೆ ಏನೂ ಆಗಲಿಲ್ಲ. ಮಗಳ ಸೂಜಿಯೂ ಮುಗಿಯಿತು. ತಾಯಿ ಕರಿಯನಿಗೂ ಸೂಜಿ ಹಾಕಿಸಿದರು. ಕೋಲನ್ನು ಒಲೆಗೆ ಹಾಕಿದರು. ಈಗ ಬೆಳಿಗ್ಗೆ ಸಂಜೆ ಕರಿಯನಿಗೆ ಗದ್ದೆ ಬದಿಯಲ್ಲಿ ತಿರುಗಾಟ. ಹಗ್ಗ ಮಗನ ಕೈಯಲ್ಲಿ. ಅದರ ಊಟ ಈಗ ಹಿಂದಿನ ಜಗಲಿಯಲ್ಲಿ, ಮಕ್ಕಳಿಂದ ದೂರ.

ಕರಿಯ ಒಂದೇ ವಾರದಲ್ಲಿ ಬದಲಾಗಲಿಲ್ಲ. ಮೂರು ತಿಂಗಳಾಯಿತು. ಈಗಲೂ ಜನ ಬಂದರೆ ಬೊಗಳುತ್ತದೆ. ಆದರೆ "ಕೂತ್ಕೋ" ಎಂದರೆ ಕೂರುತ್ತದೆ. ಆಶಾ ಅಕ್ಕ ಬಂದಾಗ ಅವರ ಕೈಯಿಂದಲೇ ದೋಸೆ ಚೂರು ಕೊಡಿಸುತ್ತಾರೆ. ಅವರನ್ನು ಕಂಡರೆ ಕರಿಯ ಈಗ ಬಾಲ ಆಡಿಸುತ್ತದೆ.

ಆದರೂ ಆಶಾ ಅಕ್ಕ ಗೇಟಿನ ಹೊರಗೆ ನಿಂತು ಕೂಗುತ್ತಾರೆ.

"ಹ್ವಾಯ್, ನಾಯಿ ಕಟ್ಟಿದ್ರ್ಯಾ?"

ಕೂಗಲೇಬೇಕು. ಮನೆಯವರು ಕಟ್ಟಲೇಬೇಕು. ನಮ್ಮ ನಾಯಿಯ ಹೊಣೆ ನಮ್ಮದೇ.

ಮಾತಾಡೋಣ

1. ಕರಿಯ ಮಗುವಿಗೆ ಬಾಯಿ ಹಾಕಿದ್ದು ಏಕೆ?
2. ತಾಯಿ ಅರಸಿನ ಹಚ್ಚದೆ ಏನು ಮಾಡಿದರು?
3. ನಿಮ್ಮ ಮನೆಯ ನಾಯಿಗೆ ಸೂಜಿ ಹಾಕಿಸಿದ್ದೀರಾ? ಹಾಕಿಸಿದ ದಿನವನ್ನು ಇಲ್ಲಿ ಬರೆಯಿರಿ.