ಇನ್‌ಫ್ಲೇಮಬಲ್: ಉರಿಯುವುದೋ, ಉರಿಯದಿರುವುದೋ?

ಮಕ್ಕಳೇ, ರಸ್ತೆಯಲ್ಲಿ ಪೆಟ್ರೋಲ್ ಟ್ಯಾಂಕರ್ ಹೋಗುವುದನ್ನು ನೀವು ನೋಡಿರಬಹುದು. ಅದರ ಹಿಂಬದಿಯಲ್ಲಿ ದೊಡ್ಡ ಅಕ್ಷರಗಳಲ್ಲಿ 'ಹೈಲಿ ಇನ್‌ಫ್ಲೇಮಬಲ್' ಎಂಬ ಇಂಗ್ಲಿಷ್ ಬರಹ ಇರುವುದುಂಟು. 'ಹೈಲಿ' ಎಂದರೆ ಬಹಳ. 'ಇನ್‌ಫ್ಲೇಮಬಲ್' ಎಂಬುದು ಗುಣವಾಚಕ, ಅಂದರೆ ವಸ್ತುವಿನ ಗುಣ ಹೇಳುವ ಪದ. ಯಾವ ಗುಣ?

ಪದದ ಒಳಗೇನಿದೆ?

'ಕರೆಕ್ಟ್' ಎಂದರೆ ಸರಿ, 'ಇನ್‌ಕರೆಕ್ಟ್' ಎಂದರೆ ತಪ್ಪು. 'ವಿಸಿಬಲ್' ಎಂದರೆ ಕಾಣುವ, 'ಇನ್‌ವಿಸಿಬಲ್' ಎಂದರೆ ಕಾಣದ. ನಮ್ಮ 'ಸಾಧ್ಯ – ಅಸಾಧ್ಯ'ದಂತೆ ಇಲ್ಲಿಯೂ ಮೊದಲಿಗೆ ಸೇರಿದ 'ಇನ್' ಅರ್ಥವನ್ನು ತಿರುಗಿಸಿಬಿಡುತ್ತದೆ. 'ಫ್ಲೇಮ್' ಎಂದರೆ ಜ್ವಾಲೆ. ಹಾಗಾದರೆ 'ಇನ್‌ಫ್ಲೇಮಬಲ್' ಎಂದರೆ ಉರಿಯದ ವಸ್ತುವೇ?

ಅಲ್ಲ! ಸುಲಭವಾಗಿ ಹೊತ್ತಿಕೊಳ್ಳುವ ವಸ್ತು ಎಂದೇ ಅದರ ಅರ್ಥ. ಲ್ಯಾಟಿನ್ ಭಾಷೆಯಿಂದ ಬಂದ ಈ ಪದದಲ್ಲಿನ 'ಇನ್'ಗೆ 'ಇಲ್ಲ' ಎಂಬ ಅರ್ಥವಿಲ್ಲ. 'ಒಳಗೆ' ಎಂಬ ಅರ್ಥವಿದೆ. ದೇಹದ ಭಾಗವೊಂದು ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ ವೈದ್ಯರು 'ಇನ್‌ಫ್ಲಮೇಶನ್' ಎನ್ನುತ್ತಾರೆ. ಅದೂ ಇದೇ ಮೂಲದ ಪದ. ಕನ್ನಡದಲ್ಲಿ ಅದನ್ನು 'ಉರಿಯೂತ' ಎನ್ನುತ್ತೇವೆ. ನೋಡಿ, ಅಲ್ಲಿಯೂ 'ಉರಿ' ಇದೆ!

ಈ ಗೊಂದಲ ಅಪಾಯಕಾರಿ. ಆದ್ದರಿಂದ 1920ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್, 'ಇನ್' ಬಿಟ್ಟು 'ಫ್ಲೇಮಬಲ್' ಎಂದಷ್ಟೇ ಬರೆಯಿರಿ ಎಂದು ಸಲಹೆ ನೀಡಿತು. ಈಗ ಎರಡು ಪದಗಳೂ ಬಳಕೆಯಲ್ಲಿವೆ. ಎರಡರ ಅರ್ಥವೂ ಒಂದೇ. ಉರಿಯದ ವಸ್ತುವಿಗೆ 'ನಾನ್‌ಫ್ಲೇಮಬಲ್' ಎನ್ನಬೇಕು.

ಹೊತ್ತಿಕೊಳ್ಳುವುದು ಯಾವುದು?

ಪೆಟ್ರೋಲ್ ಉರಿಯುವಾಗ ನಿಜವಾಗಿ ಉರಿಯುವುದು ಅದರ ಆವಿ. ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ದ್ರವವೊಂದು ಕೊಡಲು ಬೇಕಾದ ಕನಿಷ್ಠ ತಾಪಕ್ಕೆ 'ಫ್ಲಾಶ್ ಪಾಯಿಂಟ್' ಎಂದು ಹೆಸರು. ಪೆಟ್ರೋಲಿಗೆ ಅದು ಸೊನ್ನೆಗಿಂತಲೂ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಸೀಮೆಎಣ್ಣೆಗೆ 35 ಡಿಗ್ರಿಗಿಂತ ಮೇಲೆ, ಅಡುಗೆ ಎಣ್ಣೆಗಳಿಗೆ 200 ಡಿಗ್ರಿಗಿಂತಲೂ ಮೇಲೆ. ಅಂದರೆ ನಮ್ಮ ಊರಿನ ಚಳಿಗಾಲದ ಬೆಳಗಿನಲ್ಲೂ ಪೆಟ್ರೋಲಿಗೆ ಒಂದು ಕಿಡಿ ಸಾಕು. ಅದರ ಆವಿ ಗಾಳಿಗಿಂತ ಭಾರ. ಕಣ್ಣಿಗೆ ಕಾಣದೆ ನೆಲದ ಮೇಲೆ ದೂರದವರೆಗೆ ಹರಡುತ್ತದೆ.

2017ರ ಜೂನ್ 25ರಂದು ಪಾಕಿಸ್ತಾನದ ಅಹ್ಮದ್‌ಪುರ ಶರ್ಕಿಯಾ ಬಳಿ ಇಂಧನದ ಟ್ಯಾಂಕರ್ ಉರುಳಿತು. ಚೆಲ್ಲಿದ ಇಂಧನವನ್ನು ತುಂಬಿಕೊಳ್ಳಲು ಜನ ಪಾತ್ರೆ ಹಿಡಿದು ಓಡಿದರು. ಅಷ್ಟರಲ್ಲಿ ಬೆಂಕಿ ಹೊತ್ತಿಕೊಂಡು 200ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಚಿತ್ರವನ್ನೂ ಓದಿ

ಇಂಗ್ಲಿಷ್ ಬಾರದವರಿಗೂ ತಿಳಿಯಲೆಂದು ಟ್ಯಾಂಕರ್ ಮೇಲೆ ಒಂದು ಗುರುತು ಇರುತ್ತದೆ. ಮೂಲೆಯ ಮೇಲೆ ನಿಂತ ಕೆಂಪು ಚೌಕ, ಅದರೊಳಗೆ ಜ್ವಾಲೆಯ ಚಿತ್ರ. ಕೆಳಮೂಲೆಯಲ್ಲಿ 3 ಎಂದಿದ್ದರೆ ಬೇಗ ಹೊತ್ತಿಕೊಳ್ಳುವ ದ್ರವ; 2 ಎಂದಿದ್ದರೆ ಅಡುಗೆ ಅನಿಲದಂಥ ಅನಿಲ.

ನೆನಪಿಡಿ

* ಟ್ಯಾಂಕರ್ ಉರುಳಿದ್ದರೆ ಹತ್ತಿರ ಹೋಗಬೇಡಿ. ದೂರ ಸರಿದು, ದೊಡ್ಡವರಿಗೆ ತಿಳಿಸಿ, 112ಕ್ಕೆ ಕರೆ ಮಾಡಿಸಿ.
* ಮನೆಯಲ್ಲಿ ಅಡುಗೆ ಅನಿಲದ ವಾಸನೆ ಬಂದರೆ ಕಡ್ಡಿ ಗೀರಬೇಡಿ, ವಿದ್ಯುತ್ ಸ್ವಿಚ್ ಮುಟ್ಟಬೇಡಿ. ಬಾಗಿಲು, ಕಿಟಕಿ ತೆರೆದು ಹೊರಗೆ ಬನ್ನಿ. ಅನಿಲ ಸೋರಿಕೆಯ ಸಹಾಯವಾಣಿ 1906.

ನೀವೇ ಮಾಡಿ

ಸ್ಯಾನಿಟೈಸರ್, ಸೊಳ್ಳೆ ನಾಶಕ, ಬಣ್ಣದ ಡಬ್ಬಿ ಇವುಗಳ ಮೇಲಿನ ಬರಹವನ್ನು ದೊಡ್ಡವರ ಜೊತೆಯಲ್ಲಿ ಓದಿ. ಮುಚ್ಚಳ ತೆರೆಯಬೇಡಿ. 'ಫ್ಲೇಮಬಲ್' ಅಥವಾ 'ಇನ್‌ಫ್ಲೇಮಬಲ್' ಎಂದಿರುವ ವಸ್ತುಗಳನ್ನು ಪಟ್ಟಿ ಮಾಡಿ. ಅವು ಒಲೆಯಿಂದ ದೂರ ಇವೆಯೇ? ಗಮನಿಸಿ.

ಯೋಚಿಸಿ

ಸೌದೆಯೂ ಉರಿಯುತ್ತದೆ. ಆದರೂ ಸೌದೆ ತುಂಬಿದ ಲಾರಿಯ ಮೇಲೆ 'ಹೈಲಿ ಇನ್‌ಫ್ಲೇಮಬಲ್' ಎಂದು ಬರೆಯುವುದಿಲ್ಲ. ಏಕೆ?