ನಿಂತ ಗಾಡಿ ಹೊರಡದಿದ್ದರೆ

ನಮ್ಮಲ್ಲಿ ಅನೇಕರು ಊರಿಗೆ ಹೋಗಿ ಎರಡು ತಿಂಗಳ ಮೇಲೆ ಮರಳಿದಾಗ ಸ್ಕೂಟರು ಹೊರಡದು, ಕೆಲಸಕ್ಕೆ ಹೊತ್ತಾಗುತ್ತದೆ. ಆಗ ಗಾಬರಿಪಡದೆ ಕ್ರಮವಾಗಿ ನೋಡೋಣ.

ಮೊದಲು ಬ್ಯಾಟರಿ. ತುಂಬಿದ್ದರೆ ಸುಮಾರು 12.6 ವೋಲ್ಟು ಇರುತ್ತದೆ. 12ಕ್ಕಿಂತ ಇಳಿದಿದ್ದರೆ ಚಾರ್ಜು ಮಾಡಿಸಬೇಕು. ವಿಶಾಖಪಟ್ಟಣದ ಉಪ್ಪುಗಾಳಿಗೆ ಅದರ ತುದಿಗಳಲ್ಲಿ ಕಿಲುಬು ಕಟ್ಟುತ್ತದೆ, ಉಜ್ಜಿ ತೆಗೆಯಬೇಕು. ಎರಡನೆಯದು ಪೆಟ್ರೋಲು. ಹಳತಾದದ್ದು ಸುಲಭವಾಗಿ ಹೊತ್ತಿಕೊಳ್ಳದು. ಬಸಿದು ಹೊಸದನ್ನು ಹಾಕಬೇಕು. ಮೂರನೆಯದು ಪ್ಲಗ್ಗು. ಬಿಚ್ಚಿ ಮಸಿ ಒರಸಬೇಕು.

2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದಲ್ಲಿ ಎಷ್ಟೋ ಗಾಡಿಗಳು ಮುಳುಗಿದವು. ಹಾಗೆ ನೀರಿನಲ್ಲಿ ನಿಂತ ಗಾಡಿಗೆ ಸ್ಟಾರ್ಟರು ಒತ್ತಲೇಬಾರದು. ಗಾಳಿಯಂತೆ ನೀರು ಕುಗ್ಗದು. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ನಿನ ರಾಡು ಬಾಗುತ್ತದೆ. ಮೊದಲು ಪ್ಲಗ್ಗು ಬಿಚ್ಚಿಸಿ ನೀರು ತೆಗೆಸಿ, ಎಣ್ಣೆ ಬದಲಾಯಿಸಬೇಕು. ಅವಸರದ ಒಂದು ಒತ್ತಿಗೆ ತಿಂಗಳ ಸಂಬಳವೇ ಹೋದೀತು.