ಊರಿಗೆ ಮಡ್ಡಿ, ಉಳುಮೆಗೆ ಎರೆ: ನಗರ ಯೋಜನೆಯ ನಕಾಶೆ ಬಂದಾಗ ರೈತರು ಮಾಡಬೇಕಾದ ಕೆಲಸ

ಬೆಳೆಗೆ ರೋಗ ಬಂದರೆ ಮುಂದಿನ ವರ್ಷ ಬೇರೆ ತಳಿ ಬಿತ್ತಬಹುದು. ಮುಂಗಾರಿ ಕೈಕೊಟ್ಟರೆ ಹಿಂಗಾರಿಯ ಮೇಲೆ ಆಸೆ ಇಡಬಹುದು. ಆದರೆ ಹೊಲದ ಮೇಲೆ ಒಮ್ಮೆ ಡಾಂಬರು ಬಿದ್ದಿತೆಂದರೆ ಆ ನೆಲ ಮತ್ತೆ ಹೊಲವಾಗುವುದಿಲ್ಲ. ಆದ್ದರಿಂದ ಬೀಜ, ಗೊಬ್ಬರ, ಔಷಧಗಳ ಬಗ್ಗೆ ತಿಳಿದುಕೊಳ್ಳುವಷ್ಟೇ ಅಕ್ಕರೆಯಿಂದ ರೈತಬಾಂಧವರು ನಗರ ಯೋಜನೆಯ ಬಗ್ಗೆಯೂ ತಿಳಿದುಕೊಳ್ಳುವುದು ಅವಶ್ಯ.

ಹುಬ್ಬಳ್ಳಿ ಮತ್ತು ಧಾರವಾಡಗಳನ್ನು ಸೇರಿಸಿ 1962ರಲ್ಲಿ ಒಂದೇ ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಎರಡೂ ಊರುಗಳ ನಡುವಿನ ಸುಮಾರು 20 ಕಿಲೋಮೀಟರ್ ಹಾದಿಯಲ್ಲಿ ಉಣಕಲ್ಲ, ನವನಗರ, ರಾಯಾಪುರ, ಸತ್ತೂರು, ನವಲೂರುಗಳು ಈಗ ಒಂದಕ್ಕೊಂದು ಕೂಡಿಕೊಳ್ಳುತ್ತ ಬಂದಿವೆ. ತಾರಿಹಾಳ, ಬೇಲೂರು, ಮುಮ್ಮಿಗಟ್ಟಿಗಳಲ್ಲಿ ಕೈಗಾರಿಕಾ ಪ್ರದೇಶಗಳಾಗಿವೆ. ಚಿಕ್ಕಮಲ್ಲಿಗವಾಡದಲ್ಲಿ 2023ರಲ್ಲಿ ಐ.ಐ.ಟಿ.ಯ ಕಾಯಂ ಆವರಣ ಉದ್ಘಾಟನೆಯಾಯಿತು. ಇವೆಲ್ಲ ಬೇಕಾದವುಗಳೇ. ನಮ್ಮ ಮಕ್ಕಳಿಗೆ ಶಾಲೆ, ಆಸ್ಪತ್ರೆ, ನೌಕರಿ ಬೇಡವೆಂದು ಯಾರೂ ಹೇಳುವುದಿಲ್ಲ. ಊರು ಬೆಳೆಯಲಿ. ಆದರೆ ಅದು ಯಾವ ನೆಲದ ಮೇಲೆ ಬೆಳೆಯಬೇಕೆಂಬ ಪ್ರಶ್ನೆಗೆ ಉತ್ತರ ಕೊಡುವಾಗ ಆ ನೆಲವನ್ನು ಉಳುವವನ ಮಾತೂ ದಾಖಲಾಗಿರಬೇಕು. ದಾಖಲಿಸುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಅದಕ್ಕೆ ಅವಧಿಯೂ ಇದೆ. ಆ ಅವಧಿ ಮೀರಿದ ಮೇಲೆ ಹೇಳಿದ ಮಾತಿಗೆ ಬೆಲೆ ಕಡಿಮೆ.

ನಿರ್ಧಾರ ಆಗುವುದು ಎಲ್ಲಿ?

ಜೆ.ಸಿ.ಬಿ. ಯಂತ್ರ ಹೊಲದ ಬದುವಿಗೆ ಬಂದು ನಿಂತ ದಿನ ಯೋಜನೆ ಪ್ರಾರಂಭವಾಯಿತೆಂದು ಬಹಳ ಜನ ತಿಳಿಯುತ್ತಾರೆ. ನಿಜವಾಗಿ ಅದು ಅನೇಕ ವರ್ಷ ಮೊದಲೇ ಒಂದು ನಕಾಶೆಯ ಬಣ್ಣದಲ್ಲಿ ಪ್ರಾರಂಭವಾಗಿರುತ್ತದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಮೇರೆಗೆ ಪ್ರತಿಯೊಂದು ಸ್ಥಳೀಯ ಯೋಜನಾ ಪ್ರದೇಶಕ್ಕೆ ಒಂದು ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲ್ಯಾನ್, ತಯಾರಿಸಬೇಕಾಗುತ್ತದೆ. ನಮ್ಮ ಭಾಗದಲ್ಲಿ ಈ ಕೆಲಸ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದ್ದು (ಹುಡಾ). ಯೋಜನಾ ಪ್ರದೇಶವು ಪಾಲಿಕೆಯ ಗಡಿಯಲ್ಲಿಯೇ ನಿಲ್ಲುವುದಿಲ್ಲ. ಸುತ್ತಲಿನ ಹಳ್ಳಿಗಳೂ ಅದರಲ್ಲಿ ಸೇರಿರುತ್ತವೆ.

ಈ ನಕಾಶೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಕಟ್ಟಡಗಳಿಗೆ ಕೆಂಪು, ಉದ್ಯಾನ ಮತ್ತು ಬಯಲಿಗೆ ಹಸಿರು, ಬೇಸಾಯಕ್ಕೆ ತಿಳಿಹಸಿರು ಬಣ್ಣ ಹಾಕುವುದು ವಾಡಿಕೆ. ನಿಮ್ಮ ಸರ್ವೆ ನಂಬರಿನ ಮೇಲೆ ಯಾವ ಬಣ್ಣವಿದೆಯೋ ಅದರ ಮೇಲೆ ಮುಂದಿನ ಕೆಲಸವೆಲ್ಲ ನಡೆಯುತ್ತದೆ. ಮಹಾಯೋಜನೆಗೆ ಹೊಂದುವ ಬಳಕೆಗಾಗಿ ಬಿನ್‌ಶೇತ್ಕಿ ಮಾಡಿಸುವುದು ಇತ್ತೀಚಿನ ತಿದ್ದುಪಡಿಗಳಿಂದ ಸುಲಭವಾಗಿದೆ. 2020ರ ತಿದ್ದುಪಡಿಯಿಂದ ಭೂಸುಧಾರಣಾ ಕಾಯಿದೆಯ 79-ಎ, 79-ಬಿ ಕಲಮುಗಳು ಹೋದ ಮೇಲೆ ಬೇಸಾಯಗಾರರಲ್ಲದವರೂ ಹೊಲ ಕೊಳ್ಳಬಹುದಾಗಿದೆ. ಹೀಗೆ ಕೆಳಗಿನ ಹಂತದ ಬಾಗಿಲುಗಳು ಅಗಲವಾದಷ್ಟೂ ಮೇಲಿನ ಹಂತದ ಪರಿಶೀಲನೆಗೆ, ಅಂದರೆ ನಕಾಶೆಗೆ ಬಣ್ಣ ತುಂಬುವ ಹೊತ್ತಿಗೆ, ಮಹತ್ವ ಹೆಚ್ಚುತ್ತದೆ.

ನೆನಪಿಡಬೇಕಾದ ಅವಧಿಗಳು

1. ಮಹಾಯೋಜನೆ: ಕರಡು ಯೋಜನೆಯನ್ನು ಪ್ರಕಟಿಸಿದ ಮೇಲೆ 60 ದಿನಗಳೊಳಗೆ ಸಾರ್ವಜನಿಕರು ಯಾರೇ ಆಗಲಿ ಲಿಖಿತ ಅಭಿಪ್ರಾಯ ಕೊಡಬಹುದು. ಪ್ರಾಧಿಕಾರವು ಅವನ್ನು ಪರಿಶೀಲಿಸಿ ಸರ್ಕಾರಕ್ಕೆ ಕಳಿಸಬೇಕು. ಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದು ಕಾಯಿದೆ ಹೇಳುತ್ತದೆ. ಒಮ್ಮೆ ತಪ್ಪಿದ ಅವಕಾಶ ಮತ್ತೆ ಬರಲು ಅಷ್ಟು ಕಾಲ ಬೇಕು.

2. ಬಣ್ಣದ ಬದಲಾವಣೆ: ಯೋಜನೆ ಜಾರಿಗೆ ಬಂದ ಮೇಲೂ 14-ಎ ಕಲಮಿನ ಪ್ರಕಾರ ಒಂದು ಜಾಗದ ಬಳಕೆಯನ್ನು ಬದಲಿಸಲು ಸಾಧ್ಯವಿದೆ. ಅದಕ್ಕೆ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಈ ಪ್ರಕಟಣೆಗಳು ಚಿಕ್ಕ ಅಕ್ಷರದಲ್ಲಿ ಒಳಪುಟದಲ್ಲಿ ಬರುತ್ತವೆ. ಊರಿಗೆ ಒಬ್ಬರಾದರೂ ಅವನ್ನು ತಪ್ಪದೆ ಓದುವ ರೂಢಿ ಇಟ್ಟುಕೊಳ್ಳಬೇಕು.

3. ಪ್ರಾಧಿಕಾರದ ಬಡಾವಣೆ: ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಅಧಿನಿಯಮ, 1987ರಂತೆ ಜಮೀನು ಸ್ವಾಧೀನಕ್ಕೆ ಬರುವ ಯೋಜನೆಯಲ್ಲಿ ಮಾಲೀಕರಿಗೆ ನೋಟೀಸು ಕೊಡಬೇಕು, ಅದು ಮುಟ್ಟಿದ 30 ದಿನಗಳಲ್ಲಿ ಉತ್ತರ ಕೊಡಬೇಕು. ಸ್ಥಳೀಯ ಸಂಸ್ಥೆಗೂ ಅಭಿಪ್ರಾಯ ಹೇಳಲು ಅವಕಾಶವಿದೆ. ಐದು ವರ್ಷದಲ್ಲಿ ಯೋಜನೆಯನ್ನು ಗಣನೀಯವಾಗಿ ಕಾರ್ಯಗತಗೊಳಿಸದಿದ್ದರೆ ಅದು ಬಿದ್ದುಹೋಗುತ್ತದೆ.

4. ಕೈಗಾರಿಕಾ ಪ್ರದೇಶ: 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ 28ನೆಯ ಕಲಮಿನ ನೋಟೀಸಿಗೂ 30 ದಿನಗಳ ಅವಧಿ ಇರುತ್ತದೆ.

5. 2013ರ ಭೂಸ್ವಾಧೀನ ಕಾಯಿದೆ: ಪ್ರಾಥಮಿಕ ಅಧಿಸೂಚನೆಯಿಂದ 60 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಎರಡು ಬೆಳೆ ಬರುವ ನೀರಾವರಿ ಜಮೀನನ್ನು ಬೇರೆ ದಾರಿ ಇಲ್ಲದಾಗ ಮಾತ್ರ ತೆಗೆದುಕೊಳ್ಳಬೇಕೆಂಬ ತತ್ವ ಇದರಲ್ಲಿದೆ. ಕೆಲವು ಬಗೆಯ ಯೋಜನೆಗಳಿಗೆ ವಿನಾಯಿತಿ ಇರುವುದರಿಂದ ತಮ್ಮ ಪ್ರಕರಣಕ್ಕೆ ಯಾವುದು ಅನ್ವಯಿಸುತ್ತದೆಂದು ವಕೀಲರಲ್ಲಿ ಕೇಳಿ ತಿಳಿಯಬೇಕು.

6. ಖಾಸಗಿ ಬಡಾವಣೆ: ಪಕ್ಕದ ಹೊಲ ಬಡಾವಣೆಯಾಗುವಾಗ ತಮಗೆ ಪ್ರತ್ಯೇಕ ನೋಟೀಸು ಬರುತ್ತದೆಂದು ನಂಬಿ ಕೂಡಬಾರದು. ಕಲ್ಲು ನೆಟ್ಟದ್ದು ಕಂಡ ಕೂಡಲೇ ಪ್ರಾಧಿಕಾರದಲ್ಲಿ ವಿಚಾರಿಸಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಕೊಟ್ಟರೆ ಮಂಜೂರಾದ ನಕ್ಷೆಯ ಪ್ರತಿಯನ್ನು ಕೇಳಬಹುದು. 30 ದಿನಗಳಲ್ಲಿ ಉತ್ತರ ಬರಬೇಕು.

ಮಣ್ಣಿನ ಲೆಕ್ಕ

ಅಭಿಪ್ರಾಯ ಕೊಡುವಾಗ "ನಮ್ಮ ಹೊಲ ಹೋಗುತ್ತದೆ, ಬೇಡ" ಎಂದಷ್ಟೇ ಬರೆದರೆ ಸಾಲದು. ಯೋಜನಾ ಕಚೇರಿಯ ನಕಾಶೆಯಲ್ಲಿ ರಸ್ತೆ, ಕಟ್ಟಡ, ಗಡಿ ಕಾಣುತ್ತವೆ. ಮಣ್ಣಿನ ಆಳ ಕಾಣುವುದಿಲ್ಲ. ಅದನ್ನು ತೋರಿಸಬೇಕಾದವನು ರೈತನೇ.

ಧಾರವಾಡ, ಹುಬ್ಬಳ್ಳಿ, ಕುಂದಗೋಳ ತಾಲ್ಲೂಕುಗಳು ಉತ್ತರದ ಅರೆಮಲೆನಾಡು ವಲಯಕ್ಕೆ ಸೇರಿವೆ. ಪಶ್ಚಿಮಕ್ಕೆ ಹೋದಂತೆ ಮಸಾರಿ ಮತ್ತು ಮಿಶ್ರ ಮಣ್ಣು, ಪೂರ್ವಕ್ಕೆ ಬಂದಂತೆ ಆಳವಾದ ಎರೆ ಮಣ್ಣು ಹೆಚ್ಚು. ಮುಂಗಾರಿನಲ್ಲಿ ಹೆಸರು, ಸೋಯಾ ಅವರೆ, ಶೇಂಗಾ, ಹತ್ತಿ, ಮೆಣಸಿನಕಾಯಿ; ಹಿಂಗಾರಿನಲ್ಲಿ ಜೋಳ, ಕಡಲೆ, ಗೋಧಿ, ಕುಸುಬೆ. ಹೆಸರು ಕಿತ್ತು ಅದೇ ಹೊಲದಲ್ಲಿ ಜೋಳ ಇಲ್ಲವೆ ಕಡಲೆ ಬಿತ್ತಿ, ಹನಿ ನೀರು ಹಾಯಿಸದೆ ಎರಡನೆಯ ಬೆಳೆ ತೆಗೆಯುವುದು ಎರೆ ಮಣ್ಣಿನ ಗುಣದಿಂದ. ಒಂದು ಮೀಟರ್ ಆಳದ ಎರೆ ಮಣ್ಣು ಬೆಳೆಗೆ ಸಿಗುವಂತಹ ನೀರನ್ನು 15 ಸೆಂಟಿಮೀಟರಿನಷ್ಟು ಹಿಡಿದಿಟ್ಟರೂ ಒಂದು ಎಕರೆಯಲ್ಲಿ ಸುಮಾರು 6 ಲಕ್ಷ ಲೀಟರ್ ಆಗುತ್ತದೆ. ಹಣ ಕೊಟ್ಟು ಇಷ್ಟು ದೊಡ್ಡ ತೊಟ್ಟಿ ಕಟ್ಟಿಸಲು ಯಾರಿಂದಲೂ ಆಗದು. ಒಂದು ಅಂಗುಲ ಮಣ್ಣು ಆಗಲು ನೂರಾರು ವರ್ಷ ಬೇಕು.

ಇದೇ ಎರೆ ಮಣ್ಣು ಮನೆ ಕಟ್ಟುವವರಿಗೆ ತೊಂದರೆಯದು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಗೋಡೆ ಸೀಳದಿರಬೇಕಾದರೆ ಬುನಾದಿಗೆ ಹೆಚ್ಚು ಖರ್ಚು ಬರುತ್ತದೆ; ರಸ್ತೆಯೂ ಬೇಗ ಕೆಡುತ್ತದೆ. ಕಲ್ಲುಬೆರೆತ ಗಟ್ಟಿ ಮಡ್ಡಿ ನೆಲ ಬೇಸಾಯಕ್ಕೆ ಬಡವಾದರೂ ಬುನಾದಿಗೆ ಒಳ್ಳೆಯದು. ಹಾಗಾಗಿ "ಊರಿಗೆ ಮಡ್ಡಿ, ಉಳುಮೆಗೆ ಎರೆ" ಎಂಬ ಬೇಡಿಕೆ ರೈತನ ಸ್ವಾರ್ಥವಲ್ಲ, ಮನೆ ಕಟ್ಟುವವನ ಹಿತವೂ ಅದರಲ್ಲಿದೆ. ಆದರೆ ದನ ಮೇಯುವ ಗಾಯರಾಣವನ್ನು ಮಾತ್ರ ಬರಿ ಮಡ್ಡಿ ಎಂದು ಬಿಟ್ಟುಕೊಡಬಾರದು.

ಇಂಗ್ಲೆಂಡಿನಲ್ಲಿ ಬೇಸಾಯದ ಭೂಮಿಯನ್ನು 1ರಿಂದ 5ರವರೆಗೆ ದರ್ಜೆ ಮಾಡಿ, ಮೇಲ್ದರ್ಜೆಯ ಭೂಮಿಯಲ್ಲಿ ಕಟ್ಟಡ ಬರುವ ಪ್ರಸ್ತಾವನೆ ಇದ್ದರೆ ಆ ದರ್ಜೆಯನ್ನು ಪರಿಶೀಲನೆಯಲ್ಲಿ ಎಣಿಸುತ್ತಾರೆ. ನಮ್ಮಲ್ಲಿಯೂ ಭೂಮಿಯ ಯೋಗ್ಯತೆಯನ್ನು ಎಂಟು ವರ್ಗಗಳಾಗಿ ವಿಂಗಡಿಸುವ ಪದ್ಧತಿ ಇದೆ. ಮೊದಲ ನಾಲ್ಕು ವರ್ಗಗಳು ಸಾಗುವಳಿಗೆ ಯೋಗ್ಯ. ರಾಜ್ಯದ ಆಯ್ದ ಜಿಲ್ಲೆಗಳಲ್ಲಿ ಸುಜಲಾ-3 ಯೋಜನೆಯಡಿ ಸರ್ವೆ ನಂಬರುವಾರು ಭೂ ಸಂಪನ್ಮೂಲ ಸಮೀಕ್ಷೆಯೂ ನಡೆದಿದೆ. ಅಂತಹ ಸಮೀಕ್ಷೆ ಇಲ್ಲದ ಊರಿನಲ್ಲಿ ಮಣ್ಣು ಪರೀಕ್ಷೆಯ ವರದಿ ಮತ್ತು ಒಂದು ಗುಂಡಿ ತೋಡಿ ಅಳೆದ ಆಳ ಇಷ್ಟಾದರೂ ಕೈಯಲ್ಲಿರಬೇಕು.

ನೀರಿನ ಲೆಕ್ಕ

ಹುಬ್ಬಳ್ಳಿಯ ದೇಶಪಾಂಡೆ ನಗರವನ್ನು ನೋಡಿರಿ. ಸವಾಯಿ ಗಂಧರ್ವ ಕಲಾಮಂದಿರ ಇರುವ ಈ ಬಡಾವಣೆ ಊರಿನ ನಡುವೆ ಇದೆ. ಅಲ್ಲಿ ಚಾವಣಿಯ ಮೇಲೆ, ರಸ್ತೆಯ ಮೇಲೆ ಬಿದ್ದ ಮಳೆ ನೆಲಕ್ಕೆ ಇಳಿಯದೆ ಗಟಾರಿನ ದಾರಿ ಹಿಡಿಯುತ್ತದೆ. ಅದೇ ಮಾದರಿಯ ಬಡಾವಣೆ ನಾಳೆ ನಮ್ಮ ಹೊಲದ ಮೇಲ್ಮಗ್ಗುಲಲ್ಲಿ ಎದ್ದರೆ ಆಗುವುದೇನು?

ಹತ್ತು ಎಕರೆಯ ಮೇಲೆ ಒಂದೇ ಹೊತ್ತಿನಲ್ಲಿ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 20 ಲಕ್ಷ ಲೀಟರ್ ನೀರಾಗುತ್ತದೆ. ಹೊಲವಾಗಿದ್ದಾಗ ಅದರಲ್ಲಿ ನೂರಕ್ಕೆ 40 ಪಾಲು ಹರಿದುಹೋಗುತ್ತದೆಂದು ಹಿಡಿದರೆ 8 ಲಕ್ಷ ಲೀಟರ್. ಮನೆ-ರಸ್ತೆ ತುಂಬಿದ ಮೇಲೆ 75 ಪಾಲು ಹರಿದರೆ 15 ಲಕ್ಷ ಲೀಟರ್. ಹೆಚ್ಚಾದ 7 ಲಕ್ಷ ಲೀಟರ್ ಎಂದರೆ 5,000 ಲೀಟರಿನ 140 ಟ್ಯಾಂಕರುಗಳಷ್ಟು ನೀರು. ಇಳಿಜಾರು ಮತ್ತು ಮಣ್ಣಿನ ಮೇಲೆ ಈ ಪಾಲುಗಳು ಹೆಚ್ಚು-ಕಡಿಮೆಯಾಗುತ್ತವೆ. ಆದರೆ ನೀರು ಹೆಚ್ಚುವುದು ಮಾತ್ರ ನಿಶ್ಚಿತ. ಅದು ಒಡ್ಡು ಒಡೆದು, ಮೇಲ್ಮಣ್ಣು ಕೊಚ್ಚಿ, ಕೆಳಗಿನ ಹೊಲಕ್ಕೆ ನುಗ್ಗುತ್ತದೆ. ಆ ಹೊಲದವನು ಒಂದು ಗುಂಟೆಯನ್ನೂ ಮಾರಿರುವುದಿಲ್ಲ, ಒಂದು ರೂಪಾಯಿ ಪರಿಹಾರವನ್ನೂ ಪಡೆದಿರುವುದಿಲ್ಲ.

ನಮ್ಮ ಭಾಗದಲ್ಲಿ ನೀರು ಎರಡು ಕಡೆಗೆ ಇಳಿಯುತ್ತದೆ. ಧಾರವಾಡದ ಬಳಿ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ ಗಂಗಾವಳಿಯಾಗಿ ಪಶ್ಚಿಮ ಸಮುದ್ರಕ್ಕೆ ಹೋಗುತ್ತದೆ. ಪೂರ್ವದ ಎರೆ ಸೀಮೆಯ ನೀರು ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ಮೂಲಕ ನವಲಗುಂದದ ಕಡೆ ಹರಿದು ಮಲಪ್ರಭೆಯನ್ನು ಸೇರುತ್ತದೆ. ಬೆಣ್ಣಿಹಳ್ಳ ಉಕ್ಕಿದಾಗ ಆಗುವ ಬೆಳೆ ಹಾನಿ ಆ ದಂಡೆಯ ರೈತರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಮೇಲಿನ ಊರಿನ ಬಡಾವಣೆಯ ಪರಿಶೀಲನೆ ಕೆಳಗಿನ ಊರಿನ ರೈತನಿಗೂ ಸಂಬಂಧಪಟ್ಟ ವಿಷಯ.

ಅಭಿಪ್ರಾಯ ಬರೆಯುವ ಕ್ರಮ

ಅರ್ಜಿ ಒಂದೆರಡು ಪುಟ ಮೀರದಿರಲಿ. ಪಹಣಿ, ಗ್ರಾಮ ನಕಾಶೆಯ ಪ್ರತಿ, ಮಣ್ಣು ಪರೀಕ್ಷೆಯ ವರದಿ, ಹಳ್ಳ-ಒಡ್ಡು-ಬಾವಿಗಳ ಫೋಟೋಗಳನ್ನು ಜೋಡಿಸಬೇಕು. ಗ್ರಾಮ ನಕಾಶೆಯಲ್ಲಿ ಹಳ್ಳ, ಕೆರೆ, ಬಂಡಿದಾರಿಗಳ ಗುರುತು ಇರುತ್ತದೆ. ಹೊಸ ಯೋಜನೆಯ ನಕಾಶೆಯಲ್ಲಿ ಅವು ಬಿಟ್ಟುಹೋಗಿದ್ದರೆ ಕೆಂಪು ಶಾಯಿಯಿಂದ ತೋರಿಸಬೇಕು. ಒಕ್ಕಣೆ ಈ ರೀತಿ ಇರಬಹುದು:

"ನಮ್ಮ ಗ್ರಾಮದ ರಿ.ಸ.ನಂ. ____ ಕ್ಷೇತ್ರ ____ ಎಕರೆ. ಮಣ್ಣು ಎರೆ, ಆಳ ____ ಅಡಿ. ಕಳೆದ ಮೂರು ವರ್ಷಗಳ ಬೆಳೆಗಳು ಪಹಣಿಯಲ್ಲಿ ದಾಖಲಾಗಿವೆ. ಕರಡು ಯೋಜನೆಯಲ್ಲಿ ಇದನ್ನು ____ ಬಳಕೆಗೆ ತೋರಿಸಲಾಗಿದೆ. ಇದರ ____ ದಿಕ್ಕಿನಲ್ಲಿ ಹಳ್ಳವಿದ್ದು, ಪ್ರಸ್ತಾಪಿತ ರಸ್ತೆಯು ಅದನ್ನು ಅಡ್ಡಗಟ್ಟುತ್ತದೆ. ಆದ್ದರಿಂದ (1) ಈ ನಂಬರನ್ನು ಕೃಷಿ ವಲಯದಲ್ಲಿ ಇರಿಸಬೇಕು. (2) ಅದು ಸಾಧ್ಯವಿಲ್ಲವಾದಲ್ಲಿ ಹಳ್ಳಕ್ಕೆ ತಕ್ಕ ಅಗಲದ ಸೇತುವೆ, ನೀರು ಇಂಗುವ ಹೊಂಡ ಮತ್ತು ಬಂಡಿದಾರಿಯನ್ನು ಯೋಜನೆಯಲ್ಲಿ ಸೇರಿಸಬೇಕು. (3) ನಮ್ಮ ಅಹವಾಲನ್ನು ಖುದ್ದು ಕೇಳಬೇಕು."

ಇದರಲ್ಲಿ ಎರಡನೆಯ ಬೇಡಿಕೆಯನ್ನು ಬಿಡಕೂಡದು. ಬಣ್ಣ ಬದಲಾಗದಿದ್ದರೂ ಹಳ್ಳ ಉಳಿದರೆ ಕೆಳಗಿನ ಹತ್ತು ಹೊಲಗಳು ಉಳಿಯುತ್ತವೆ. ಅರ್ಜಿಯನ್ನು ಖುದ್ದಾಗಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು. ಇಲ್ಲವೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಬೇಕು. ಒಬ್ಬೊಬ್ಬರ ಅರ್ಜಿಯ ಜೊತೆಗೆ ಗ್ರಾಮಸಭೆಯ ಠರಾವೂ ಇದ್ದರೆ ಬಲ ಬರುತ್ತದೆ.

ಹೊಲದಲ್ಲಿ ಉದ್ಯಾನ ಇಲ್ಲವೆ ರಸ್ತೆ ಗುರುತಾಗಿ ವರ್ಷಗಟ್ಟಲೆ ಹಾಗೆಯೇ ಉಳಿದ ಪ್ರಕರಣಗಳೂ ಉಂಟು. ಯೋಜನೆ ಜಾರಿಗೆ ಬಂದ ಐದು ವರ್ಷದಲ್ಲಿ ಸ್ವಾಧೀನದ ಕ್ರಮ ಪ್ರಾರಂಭವಾಗದಿದ್ದರೆ ಆ ಗುರುತು ರದ್ದಾಗುತ್ತದೆಂದು 1961ರ ಕಾಯಿದೆಯ 69ನೆಯ ಕಲಮು ಹೇಳುತ್ತದೆ.

ಮಾರುವವರಿಗೆ ಒಂದು ಮಾತು

ಸಾಲ, ಮದುವೆ, ಓದು ಹೀಗೆ ಹೊಲ ಮಾರಲು ನೂರು ಕಾರಣಗಳಿರುತ್ತವೆ. ಅದು ಅವರವರ ಹಕ್ಕು. ಆದರೆ ಮಾರುವ ಮೊದಲು ತಮ್ಮ ನಂಬರಿಗೆ ಮಹಾಯೋಜನೆಯಲ್ಲಿ ಯಾವ ಬಳಕೆ ಇದೆಯೆಂದು ಬರಹದಲ್ಲಿ ಪಡೆಯಬೇಕು. ಹಳದಿಯಾದದ್ದು ತಿಳಿಯದೆ ತಿಳಿಹಸಿರಿನ ಧಾರಣೆಗೆ ಕೊಟ್ಟವರು ಆಮೇಲೆ ಕೈ ಹೊಸೆದುಕೊಳ್ಳುತ್ತಾರೆ. ನಿವೇಶನದಲ್ಲಿ ಪಾಲು ಕೊಡುವ ಕರಾರಾದರೆ ಎಷ್ಟು, ಯಾವಾಗ, ಎಲ್ಲಿ ಎಂಬುದು ನೋಂದಾಯಿತ ಪತ್ರದಲ್ಲಿ ಇರಲೇಬೇಕು.

ವಿಸ್ತರಣಾ ಕಾರ್ಯಕರ್ತರ ಪಾತ್ರ

ರೈತ ಸಂಪರ್ಕ ಕೇಂದ್ರದ ಸಹಾಯಕರು ಮತ್ತು ಕೃಷಿ ಅಧಿಕಾರಿಗಳು ಮಣ್ಣಿನ ಆಳ, ಬೆಳೆ ಪದ್ಧತಿ, ಇಳಿಜಾರು, ಒಡ್ಡುಗಳ ವಿವರವನ್ನು ಊರುವಾರು ಒಂದು ವಹಿಯಲ್ಲಿ ಬರೆದಿಡಬೇಕು. ಕರಡು ನಕಾಶೆ ಪ್ರಕಟವಾದಾಗ ಅದನ್ನು ಊರಿನ ಚಾವಡಿಯಲ್ಲಿ ಬಿಡಿಸಿಟ್ಟು, ಪ್ರತಿಯೊಬ್ಬ ರೈತನಿಗೂ ಅವನ ನಂಬರನ್ನು ಬೆರಳಿಟ್ಟು ತೋರಿಸಬೇಕು. ಹೊಲ ಹೆಸರಿನಲ್ಲಿಲ್ಲದ ಹೆಣ್ಣುಮಕ್ಕಳನ್ನೂ ಲಾವಣಿಗೆ ಮಾಡುವವರನ್ನೂ ಕರೆಯಲು ಮರೆಯಬಾರದು. ಹೊಲ ಹೋದರೆ ಅವರ ದುಡಿಮೆಯೂ ಹೋಗುತ್ತದೆ, ಆದರೆ ನೋಟೀಸು ಅವರ ಹೆಸರಿಗೆ ಬರುವುದಿಲ್ಲ.

ಪ್ರತಿಯೊಂದು ಅರ್ಜಿಯೂ ಗೆಲ್ಲುತ್ತದೆಂದು ಹೇಳಲಾಗದು. ಆದರೆ ಅವಧಿಯೊಳಗೆ, ಸರ್ವೆ ನಂಬರು ಸಹಿತ, ಮಣ್ಣು-ನೀರಿನ ಅಂಕಿಗಳೊಡನೆ ಕೊಟ್ಟ ಅರ್ಜಿ ಕಡತದಲ್ಲಿ ಉಳಿಯುತ್ತದೆ. ಮುಂದೆ ನ್ಯಾಯಾಲಯಕ್ಕೆ ಹೋಗುವ ಪ್ರಸಂಗ ಬಂದರೂ ಆಧಾರವಾಗುತ್ತದೆ. ಆದ್ದರಿಂದ ರೈತಬಾಂಧವರು ಈ ಹಿಂಗಾರಿ ಬಿತ್ತನೆ ಮುಗಿದ ಬಿಡುವಿನಲ್ಲಿ ಮೂರು ಕೆಲಸ ಮಾಡಬೇಕು: ಗ್ರಾಮ ನಕಾಶೆಯ ಪ್ರತಿ ತರಿಸುವುದು, ಹುಡಾ ಕಚೇರಿಯಲ್ಲಿ ತಮ್ಮ ನಂಬರಿನ ಬಣ್ಣ ಕೇಳಿ ತಿಳಿಯುವುದು, ಹೊಲದಲ್ಲಿ ಒಂದು ಗುಂಡಿ ತೋಡಿ ಮಣ್ಣಿನ ಆಳ ಅಳೆದು ಬರೆದಿಡುವುದು.